ಮರದ ದೋಣಿಯನ್ನು ನೀರಿನ ದಾರಿಯಲ್ಲೇ ಮನೆಗೆ ತರಬೇಕು

ಮರದ ಹಾಯಿದೋಣಿಗೆ ಸಮುದ್ರಕ್ಕಿಂತ ಮಳೆಯ ಭಯ ಹೆಚ್ಚು. ಉಪ್ಪುನೀರಿನಲ್ಲಿ ಮುಳುಗಿರುವ ಹಲಗೆ ಎಷ್ಟೋ ದಶಕಗಳ ಕಾಲ ಗಟ್ಟಿಯಾಗಿ ಉಳಿಯುತ್ತದೆ. ಅದೇ ದೋಣಿಯ ಡೆಕ್ಕಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದು, ಅಲ್ಲಿಂದ ಇಳಿದ ಮಳೆನೀರು ಗಾಳಿಯಾಡದ ಮೂಲೆಯಲ್ಲಿ ನಿಂತಿತೆಂದರೆ ಕೆಲವೇ ವರ್ಷಗಳಲ್ಲಿ ಗಟ್ಟಿಮರ ಬೆರಳಿಗೆ ಪುಡಿಯಾಗುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಉಪ್ಪು ಮಾತ್ರ ಆಗದು. ಮರದ ತೇವಾಂಶ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದಿಲ್ಲ, ಮರ ಪೂರ್ತಿ ನೀರಿನಲ್ಲಿ ಮುಳುಗಿದ್ದರೆ ಅದಕ್ಕೆ ಉಸಿರಿಲ್ಲ. ಈ ಎರಡರ ನಡುವಿನ ಸ್ಥಿತಿಯೇ ಅಪಾಯ. ಹಿಂದಿನ ಕಾಲದಲ್ಲಿ ಹಡಗು ಕಟ್ಟುವವರು ಹೊರ ಹಲಗೆಗಳನ್ನು ಹೊರುವ ಬಾಗಿದ ಪಕ್ಕೆಲುಬುಗಳ ನಡುವಿನ ಜಾಗದಲ್ಲಿ ಕಲ್ಲುಪ್ಪು ತುಂಬಿ ಮುಚ್ಚುತ್ತಿದ್ದುದು ಸುಮ್ಮನೆ ಅಲ್ಲ.

ಹೀಗಾಗಿ ಹಳೆಯ ಮರದ ದೋಣಿಯನ್ನು ನೋಡಲು ಹೋಗುವವರಿಗೆ ನನ್ನ ಮೊದಲ ಸಲಹೆ: ಬಿಸಿಲಿನ ದಿನ ಬೇಡ, ಮಳೆ ಸುರಿಯುವ ದಿನ ಹೋಗಿ. ನಾನು ಹಾಗೆಯೇ ಹೋದೆ. ಬಿಸಿಲಿನಲ್ಲಿ ವಾರ್ನಿಷ್ ಹೊಳೆಯುತ್ತದೆ, ಹಿತ್ತಾಳೆ ಮಿನುಗುತ್ತದೆ, ಕೊಳ್ಳುವವನ ಕಣ್ಣು ಅಲ್ಲೇ ನಿಲ್ಲುತ್ತದೆ. ಮಳೆಯಲ್ಲಿ ಒಳಗೆ ಕುಳಿತು ಟಾರ್ಚ್ ಹಿಡಿದರೆ ಡೆಕ್ಕಿನ ಕೆಳಗೆ ಎಲ್ಲಿ ಹನಿ ಕಟ್ಟುತ್ತಿದೆ, ಯಾವ ತೊಲೆಯ ಬುಡ ಕಪ್ಪಾಗಿದೆ, ಯಾವ ಕಪಾಟಿನ ಹಿಂದಿನಿಂದ ಹಳಸಿದ ವಾಸನೆ ಬರುತ್ತಿದೆ ಎಂಬುದು ತಾನಾಗಿ ತಿಳಿಯುತ್ತದೆ. ಮೂಗನ್ನು ನಂಬಬೇಕು. ಆರೋಗ್ಯವಾಗಿರುವ ಮರದ ದೋಣಿಯೊಳಗೆ ಟಾರು, ಎಣ್ಣೆ, ಹಗ್ಗ, ಉಪ್ಪು ಬೆರೆತ ವಾಸನೆ ಇರುತ್ತದೆ. ಅಣಬೆಯ ವಾಸನೆ ಬಂದರೆ ಮಾರುವವರ ಮಾತು ಎಷ್ಟು ಸಿಹಿಯಾಗಿದ್ದರೂ ಅಲ್ಲೇ ನಿಂತು ಯೋಚಿಸಬೇಕು.

ನಾನು ಕೊಂಡ ದೋಣಿ 1930ರ ದಶಕದಲ್ಲಿ ಕಟ್ಟಿದ್ದು. ತಳದ ಉದ್ದಕ್ಕೂ ಸಾಗುವ ಓಕ್ ಮರದ ಅಡಿತೊಲೆ, ಓಕ್ ಮರದ್ದೇ ಪಕ್ಕೆಲುಬುಗಳು, ಅವುಗಳ ಮೇಲೆ ಅಂಚಿಗೆ ಅಂಚು ಕೂಡಿಸಿದ ಲಾರ್ಚ್ ಹಲಗೆಗಳು, ತಾಮ್ರದ ಮೊಳೆಗಳು, ಸ್ಪ್ರೂಸ್ ಮರದ ಒಂದೇ ಹಾಯಿಕಂಬ. ನೀರಿನ ಮಟ್ಟದಲ್ಲಿ ಅಳೆದರೆ 25 ಅಡಿ ಉದ್ದ. ಡೆಕ್ಕಿನ ಮೇಲೆ ಕ್ಯಾನ್‌ವಾಸ್ ಹೊದಿಸಿ ಬಣ್ಣ ಬಳಿದಿದ್ದರು. ಅದು ಕೆಲವು ಕಡೆ ಉಬ್ಬಿತ್ತು, ಎರಡು ಮೂಲೆಗಳಲ್ಲಿ ಹನಿಯುತ್ತಿತ್ತು. ಒಳಗೆ ಮಾತ್ರ ಎಲ್ಲ ಕಪಾಟುಗಳ ಬಾಗಿಲುಗಳೂ ತೆರೆದಿದ್ದವು, ನೆಲದ ಹಲಗೆಗಳನ್ನು ಎತ್ತಿ ಬದಿಗೆ ಒರಗಿಸಿಟ್ಟಿದ್ದರು. ದಶಕಗಳಿಂದ ಅದನ್ನು ಸಾಕಿಕೊಂಡು ಬಂದಿದ್ದ ಹಿರಿಯರು, "ದೋಣಿ ಉಸಿರಾಡಬೇಕಲ್ಲ" ಎಂದಷ್ಟೇ ಹೇಳಿದರು. ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿದ್ದು ಆ ಒಂದು ಮಾತಿನಿಂದ.

ಗಾಳಿಯ ಮಾತು ಬಂದಾಗ 'ಡೊರೇಡ್' ನೆನಪಾಗದೆ ಇರದು. ಓಲಿನ್ ಸ್ಟೀಫನ್ಸ್ ಎಂಬ ತರುಣ ವಿನ್ಯಾಸಗಾರ ರೂಪಿಸಿದ, 1930ರಲ್ಲಿ ನೀರಿಗಿಳಿದ ದೋಣಿ ಅದು. ಡೆಕ್ಕಿನ ಮೇಲೆ ಒಂದು ಪೆಟ್ಟಿಗೆ; ಅದರೊಳಗೆ ಗಾಳಿಯ ಜೊತೆ ನುಗ್ಗಿದ ನೀರು ಪೆಟ್ಟಿಗೆಯ ತಳದ ತೂತುಗಳಿಂದ ಹೊರಗೆ ಹರಿದುಹೋಗುತ್ತದೆ, ಗಾಳಿ ಮಾತ್ರ ಎತ್ತರದ ಕೊಳವೆಯ ಮೂಲಕ ಒಳಕ್ಕಿಳಿಯುತ್ತದೆ. ಆ ದೋಣಿಯ ಮೇಲೆ ಬಳಕೆಗೆ ಬಂದ ಈ ಉಪಾಯ ಇಂದು ಲೋಕದ ಎಲ್ಲ ಬಂದರುಗಳಲ್ಲೂ ಕಾಣಸಿಗುತ್ತದೆ. 1931ರಲ್ಲಿ ಅಟ್ಲಾಂಟಿಕ್ ದಾಟುವ ಪಂದ್ಯವನ್ನು ಗೆದ್ದ 'ಡೊರೇಡ್', 1936ರಲ್ಲಿ ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಹೋಗುವ ಪಂದ್ಯವನ್ನು ಗೆದ್ದಿತು. ಅದೇ ಪಂದ್ಯವನ್ನು ಅದೇ ದೋಣಿ 2013ರಲ್ಲಿ ಮತ್ತೊಮ್ಮೆ ಗೆದ್ದಿತು. ಮರಕ್ಕೆ ಮುಪ್ಪು ಬಂತು ಎನ್ನುವವರಿಗೆ ನಾನು ಹೇಳುವ ಮೊದಲ ಉದಾಹರಣೆ ಇದು.

ಇನ್ನು ಪರೀಕ್ಷೆಯ ಮಾತು. ಮರದ ದೋಣಿಗಳನ್ನು ಬಲ್ಲ ಸರ್ವೇಯರ್, ಅಂದರೆ ದೋಣಿಯ ಪರೀಕ್ಷಕರು, ಸಿಗದೆ ಮುಂಗಡ ಕೊಡಬಾರದು. ಫೈಬರ್‌ಗ್ಲಾಸ್ ದೋಣಿಗಳನ್ನಷ್ಟೇ ನೋಡಿದವರು ಇಲ್ಲಿ ಸಾಲದು. ನಮ್ಮ ಸರ್ವೇಯರ್ ಕೈಯಲ್ಲಿ ಇದ್ದದ್ದು ಸಣ್ಣ ಸುತ್ತಿಗೆ, ಒಂದು ಮೊನಚಾದ ದಬ್ಬಳ, ಟಾರ್ಚ್, ಕನ್ನಡಿಯ ಚೂರು. ಶ್ರುತಿ ಕೂಡಿಸಲು ತಬಲದ ಅಂಚನ್ನು ತಟ್ಟುವ ಕಲಾವಿದನಂತೆ ಅವರು ಒಂದೊಂದು ಹಲಗೆಯನ್ನೂ ತಟ್ಟುತ್ತ ಹೋದರು. ಗಟ್ಟಿಮರ ಟಣ್ ಎನ್ನುತ್ತದೆ, ಕೊಳೆತದ್ದು ಬೊದ್ದು ದನಿ ಕೊಡುತ್ತದೆ. ದನಿ ಬದಲಾದ ಕಡೆ ದಬ್ಬಳ ಒತ್ತಿ ನೋಡುತ್ತಿದ್ದರು. ಹಡಗುಹುಳುವಿನ ವಿಷಯದಲ್ಲಂತೂ ಈ ಪರೀಕ್ಷೆ ಬೇಕೇ ಬೇಕು. ಹುಳು ಎಂದು ಕರೆದರೂ ಅದು ಕಪ್ಪೆಚಿಪ್ಪಿನ ಬಳಗದ ಜೀವಿ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತಿನಿಂದ ಒಳಹೊಕ್ಕು, ಬೆಳೆಯುತ್ತ ಬೆಳೆಯುತ್ತ ಒಳಗೇ ಸುರಂಗ ಕೊರೆಯುತ್ತದೆ. ಹೊರಗಿನಿಂದ ಹಲಗೆ ಅಚ್ಚುಕಟ್ಟಾಗಿಯೇ ಕಾಣುತ್ತಿರುತ್ತದೆ.

ಲೋಹದ ಕಥೆ ಬೇರೆ. ಓಕ್ ಮರದಲ್ಲಿರುವ ಟ್ಯಾನಿನ್ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಹಿಡಿದ ಕಬ್ಬಿಣ ತನ್ನ ಸುತ್ತಲಿನ ಓಕ್ ಅನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಎರಡೂ ಒಂದನ್ನೊಂದು ಹಾಳುಮಾಡಿಕೊಳ್ಳುವ ಜೋಡಿ. ದೋಣಿಯನ್ನು ನೆಟ್ಟಗೆ ನಿಲ್ಲಿಸುವ ಅಡಿಭಾರವನ್ನು ಅಡಿತೊಲೆಗೆ ಬಿಗಿದಿರುವ ಉದ್ದನೆಯ ಬೋಲ್ಟುಗಳು ಕಣ್ಣಿಗೆ ಬೀಳುವುದಿಲ್ಲ. ಮೇಲಿನ ನಟ್ಟು ಚೆನ್ನಾಗಿಯೇ ಇರುತ್ತದೆ, ಮರ ಮತ್ತು ಲೋಹ ಸೇರುವ ಜಾಗದಲ್ಲಿ ಬೋಲ್ಟು ಸವೆದು ಪೆನ್ಸಿಲಿನಷ್ಟಾಗಿರಬಹುದು. ಒಂದೆರಡನ್ನಾದರೂ ಹೊರಗೆಳೆದು ನೋಡದೆ ಒಪ್ಪಬಾರದು. ನಾವು ಎಳೆಸಿ ನೋಡಿದೆವು, ಸವೆತ ಅಲ್ಪವಿತ್ತು. ಹಾಗೆಂದು ಲೋಹವನ್ನು ಉಳಿಸುವ ಆತುರದಲ್ಲಿ ಕಂಡಕಂಡಲ್ಲಿ ಸತುವಿನ ಆನೋಡುಗಳನ್ನು, ಅಂದರೆ ಉಳಿದ ಲೋಹದ ಬದಲು ತಾವು ಸವೆಯುವ ತುಂಡುಗಳನ್ನು, ಜೋಡಿಸುವುದೂ ತಪ್ಪು. ಅತಿಯಾದ ರಕ್ಷಣೆಯಿಂದ ಲೋಹದ ಸುತ್ತ ಕ್ಷಾರ ಕೂಡಿಕೊಂಡು ಮರವೇ ನಾರುನಾರಾಗಿ ಬಿಡಿಸಿಕೊಳ್ಳುತ್ತದೆ. ಫೈಬರ್‌ಗ್ಲಾಸ್ ದೋಣಿಗೆ ಒಳ್ಳೆಯದಾದದ್ದು ಮರಕ್ಕೂ ಒಳ್ಳೆಯದೇ ಆಗಬೇಕೆಂದಿಲ್ಲ.

ಸರ್ವೇಯರ್ ಕೊಟ್ಟ ವರದಿ ದೀರ್ಘವಾಗಿತ್ತು, ಪ್ರಾಮಾಣಿಕವಾಗಿತ್ತು. ಕೆಲವು ಪಕ್ಕೆಲುಬುಗಳು ಹೊಟ್ಟೆಯ ತಿರುವಿನಲ್ಲಿ ಸೀಳಿವೆ. ಡೆಕ್ಕಿನ ಕ್ಯಾನ್‌ವಾಸ್ ಬದಲಿಸಬೇಕು. ಹಾಯಿಕಂಬದ ಬುಡದ ಬಳಿ ಎರಡು ಬದಿಯ ಪಕ್ಕೆಲುಬುಗಳನ್ನು ಅಡಿತೊಲೆಗೆ ಕಟ್ಟುವ ಕಬ್ಬಿಣದ ಪಟ್ಟಿಗಳಿಗೆ ತುಕ್ಕಿದೆ, ಗಮನವಿರಲಿ. ಅವರು ಕೊನೆಗೆ ಬಾಯಿಮಾತಿನಲ್ಲಿ ಹೇಳಿದ ಮಾತು ವರದಿಯಲ್ಲಿ ಇರಲಿಲ್ಲ: "ನಾನು ನೋಡಿದ್ದು ನಿಂತ ದೋಣಿಯನ್ನು. ಓಡುವ ದೋಣಿಯನ್ನು ನೀವೇ ನೋಡಿಕೊಳ್ಳಬೇಕು."

ದೋಣಿಯನ್ನು ಮನೆಗೆ ತರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆ ಮಾತಿನಲ್ಲೇ ಇತ್ತು. ಲಾರಿಯ ಮೇಲೆ ಹೇರಿ ತರಿಸಿ ಎಂದು ಹಿತೈಷಿಗಳು ಹೇಳಿದರು. ಲಾರಿಯಲ್ಲಿ ಬೇಗ ಆಗುತ್ತದೆ, ಹವಾಮಾನದ ಚಿಂತೆಯಿಲ್ಲ, ನಿಜ. ಆದರೆ ನೀರಿನ ಒತ್ತಡ ಸುತ್ತಲಿನಿಂದ ಸಮನಾಗಿ ಹಿಡಿದಿರುವ ಮೈಯನ್ನು ನಾಲ್ಕಾರು ದಿಂಬುಗಳ ಮೇಲೆ ಕೂರಿಸಿ ಹೆದ್ದಾರಿಯ ಗಾಳಿಯಲ್ಲಿ ಒಣಗಿಸಿದರೆ ಹಲಗೆಗಳು ಕುಗ್ಗುತ್ತವೆ, ಸಂದುಗಳು ಬಾಯಿಬಿಡುತ್ತವೆ. ಅಡಿತೊಲೆಗೆ ಜೀವವಿಲ್ಲದ, ಬಿಗಿತ ತಪ್ಪಿದ ದೋಣಿಗೆ ಲಾರಿಯೇ ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಸರ್ವೇಯರ್ ಸಮುದ್ರಕ್ಕೆ ಯೋಗ್ಯ ಎಂದು ಹೇಳಿದ ದೋಣಿಯನ್ನು ಮಾತ್ರ ನೀರಿನ ದಾರಿಯಲ್ಲೇ ತರಬೇಕು. ಆ ಪಯಣದಲ್ಲಿ ಕಲಿಯುವುದನ್ನು ಬೇರೆಲ್ಲೂ ಕಲಿಯಲಾಗದು.

ಇದಕ್ಕೆ ಹಿರಿಯರ ಮೇಲ್ಪಂಕ್ತಿಯೂ ಇದೆ. ಪರ್ವತಾರೋಹಿ ಎಚ್. ಡಬ್ಲ್ಯು. ಟಿಲ್ಮನ್ 1906ರಲ್ಲಿ ಕಟ್ಟಿದ 'ಮಿಸ್ಚೀಫ್' ಎಂಬ, ಹಡಗುಗಳಿಗೆ ದಾರಿ ತೋರುವವರನ್ನು ಒಯ್ಯುತ್ತಿದ್ದ ಹಳೆಯ ಪೈಲಟ್ ದೋಣಿಯನ್ನು 1954ರಲ್ಲಿ ಮಯೋರ್ಕಾ ದ್ವೀಪದಲ್ಲಿ ಕೊಂಡು ಇಂಗ್ಲೆಂಡಿಗೆ ಹಾಯಿಯಲ್ಲೇ ತಂದರು. ಮುಂದೆ ಅದೇ ದೋಣಿ ಅವರನ್ನು ಪ್ಯಾಟಗೋನಿಯಾಕ್ಕೂ ಗ್ರೀನ್‌ಲ್ಯಾಂಡಿಗೂ ಕರೆದೊಯ್ದಿತು. 1968ರಲ್ಲಿ ಯಾನ್ ಮೇಯೆನ್ ದ್ವೀಪದ ಬಳಿ ಮುಳುಗುವವರೆಗೂ ಜೊತೆಗಿತ್ತು. ಅದಕ್ಕೂ ಮುಂಚೆ ಜೋಶುವಾ ಸ್ಲೋಕಮ್. ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್‌ನಲ್ಲಿ ಹೊಲವೊಂದರಲ್ಲಿ ಬಿದ್ದಿದ್ದ 'ಸ್ಪ್ರೇ' ಎಂಬ ಜೀರ್ಣ ದೋಣಿಯನ್ನು 13 ತಿಂಗಳು ಕೂತು ಹಲಗೆ ಹಲಗೆಯಾಗಿ ಮತ್ತೆ ಕಟ್ಟಿ, 1895ರಲ್ಲಿ ಬಾಸ್ಟನ್ನಿನಿಂದ ಹೊರಟು, 1898ರಲ್ಲಿ ಒಬ್ಬನೇ ಭೂಮಿ ಸುತ್ತಿ ಬಂದ ಮನುಷ್ಯ. ಹಳೆಯ ದೋಣಿಯ ಬಗ್ಗೆ ಆತನಿಗಿದ್ದ ವಿಶ್ವಾಸ ಎಲ್ಲಿಂದ ಬಂತು? ಅದರ ಒಂದೊಂದು ಮರವನ್ನೂ ತನ್ನ ಕೈಯಿಂದಲೇ ಜೋಡಿಸಿದ್ದರಿಂದ. ನಮ್ಮಂಥವರಿಗೆ ಅಷ್ಟು ಮಾಡಲಾಗದಿದ್ದರೆ, ದೋಣಿಯನ್ನು ಓಡಿಸಿಯಾದರೂ ಬಲ್ಲವರಾಗಬೇಕು.

ನೀರಿಗಿಳಿಸುವ ದಿನ ಮೊದಲ ಸಲ ನೋಡುವವರ ಎದೆ ನಡುಗುತ್ತದೆ. ತಿಂಗಳುಗಟ್ಟಲೆ ದಡದ ಮೇಲೆ ಒಣಗಿದ ದೋಣಿಯ ಸಂದುಗಳಿಂದ ನೀರು ಸಲೀಸಾಗಿ ಒಳಗೆ ಬರುತ್ತದೆ. ಅದು ಸಹಜ. ಮರ ನೀರು ಕುಡಿದು ಉಬ್ಬುತ್ತದೆ, ಹಲಗೆಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಸಂದಿನೊಳಗೆ ಬಡಿದ ಹತ್ತಿಯ ಎಳೆ ಬಿಗಿಯುತ್ತದೆ, ಸೋರಿಕೆ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಆ ರಾತ್ರಿ ದೋಣಿಯನ್ನು ಕ್ರೇನಿನ ಪಟ್ಟಿಗಳಲ್ಲೇ ತೂಗಿಸಿಟ್ಟು, ಪಂಪು ನಡೆಸುತ್ತ ಕಾದೆವು. ಹಳಬರು ಮರದ ಹೊಟ್ಟನ್ನು ದೋಣಿಯ ಅಡಿಯಲ್ಲಿ ನೀರಿಗೆ ಬಿಡುತ್ತಾರೆ. ಒಳಕ್ಕೆ ಹರಿಯುವ ನೀರು ಅದನ್ನು ಸಂದಿಗೆ ಎಳೆದುಕೊಂಡು ತಾನೇ ತಡೆ ಹಾಕಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಬೇಕಾದ ಗುಣ ತಾಳ್ಮೆಯೊಂದೇ. ಒಣಗಿ ಬಾಯಿಬಿಟ್ಟ ಸಂದನ್ನು ಕಂಡು ದಡದಲ್ಲೇ ಕಲ್ಲಿನಂತೆ ಗಟ್ಟಿಯಾಗುವ ಪುಟ್ಟಿ ತುಂಬಿಬಿಟ್ಟರೆ, ಹಲಗೆ ಉಬ್ಬುವಾಗ ಹೋಗಲು ಜಾಗವಿಲ್ಲದೆ ಮೊಳೆಗಳನ್ನು ಕೀಳುತ್ತದೆ, ಪಕ್ಕೆಲುಬುಗಳನ್ನು ಮುರಿಯುತ್ತದೆ. ಮೆತ್ತಗಿರುವ ಪುಟ್ಟಿಯೇ ಸಾಕು, ಉಳಿದದ್ದನ್ನು ಮರ ನೋಡಿಕೊಳ್ಳುತ್ತದೆ.

ಹೊರಡುವ ಮುನ್ನ ಮಾಡಿದ ಸಿದ್ಧತೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಒತ್ತಿ ಹೇಳುತ್ತೇನೆ: ಡೀಸೆಲ್ ಟ್ಯಾಂಕು. ವರ್ಷಗಟ್ಟಲೆ ಅಲುಗಾಡದೆ ನಿಂತ ದೋಣಿಯ ಟ್ಯಾಂಕಿನ ತಳದಲ್ಲಿ ಕಪ್ಪು ಗಸಿ ಕಟ್ಟಿಕೊಂಡಿರುತ್ತದೆ. ಬಂದರಿನಲ್ಲಿ ಎಂಜಿನ್ ಸೊಗಸಾಗಿ ಓಡುತ್ತದೆ. ಹೊರಗೆ ಅಲೆಗಳಲ್ಲಿ ಕುಲುಕಿದೊಡನೆ ಆ ಗಸಿಯೆಲ್ಲ ಎದ್ದು ಫಿಲ್ಟರನ್ನು ಕಟ್ಟುತ್ತದೆ, ಎಂಜಿನ್ ಅತ್ಯಗತ್ಯವಾದ ಗಳಿಗೆಯಲ್ಲೇ ನಿಲ್ಲುತ್ತದೆ. ಹಳೆಯ ದೋಣಿಗಳ ಮೊದಲ ಪಯಣಗಳು ಹದಗೆಡಲು ಇದಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿರಲಾರದು. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ತೊಳೆಸಿ, ಬದಲಿ ಫಿಲ್ಟರುಗಳನ್ನು ಕೈಗೆ ಸಿಗುವಂತೆ ಇಟ್ಟುಕೊಂಡೆವು. ಜೀವರಕ್ಷಕ ತೆಪ್ಪ, 406 ಮೆಗಾಹರ್ಟ್ಸ್‌ನ ತುರ್ತು ಸಂಕೇತಯಂತ್ರ, ತುರ್ತು ಕರೆಯ 16ನೇ ಚಾನೆಲ್ಲಿಗೆ ಕಿವಿಗೊಟ್ಟ ರೇಡಿಯೊ ಇವೆಲ್ಲ ಇರಲೇಬೇಕಾದವು. ಚರ್ಚೆಯ ವಿಷಯವೇ ಅಲ್ಲ.

ನೀರಿನ ಮಟ್ಟದಲ್ಲಿ 25 ಅಡಿ ಉದ್ದವಿರುವ ಭಾರದ ದೋಣಿ ಹೆಚ್ಚೆಂದರೆ ಗಂಟೆಗೆ ಸುಮಾರು 6.7 ನಾಟಿಕಲ್ ಮೈಲಿ ಓಡುತ್ತದೆ. ಉದ್ದದ ವರ್ಗಮೂಲಕ್ಕೆ ಕಟ್ಟುಬಿದ್ದ ಮಿತಿ ಅದು. ಎಷ್ಟು ಹಾಯಿ ಏರಿಸಿದರೂ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ ದಾಟಲಾರದು. ನಾವು ಲೆಕ್ಕ ಹಾಕಿಕೊಂಡದ್ದು ಗಂಟೆಗೆ ನಾಲ್ಕು ಮೈಲಿಯ ಸರಾಸರಿಯಲ್ಲಿ. ಬೇಗ ತಲುಪಿದರೆ ಸಂತೋಷ, ಆದರೆ ತಲುಪುವ ದಿನವನ್ನು ಯಾರಿಗೂ ಮಾತು ಕೊಡಲಿಲ್ಲ. ಸಮುದ್ರದಲ್ಲಿ ಅಪಾಯಕ್ಕೆ ಸಿಲುಕುವವರಲ್ಲಿ ಬಹುಪಾಲು ಮಂದಿ ದಿನಾಂಕಕ್ಕೆ ಕಟ್ಟುಬಿದ್ದವರು ಎಂಬುದು ನನ್ನ ದೃಢವಾದ ನಂಬಿಕೆ. ವಾಯುಭಾರ ಇಳಿಯತೊಡಗಿದಾಗ ದಾರಿಯಲ್ಲಿ ಸಿಕ್ಕ ಬಂದರಿಗೆ ಹೊಕ್ಕು, ಗಾಳಿ ಬೀಸಿ ಮುಗಿಯುವವರೆಗೆ ಅಲ್ಲಿಯೇ ಉಳಿದೆವು. ಆ ಬಿಡುವಿನಲ್ಲಿ ಒಳಗಿನ ಬಣ್ಣವನ್ನು ಕೆರೆದೆವು, ಹಗ್ಗಗಳ ತುದಿಗೆ ನೂಲು ಸುತ್ತಿದೆವು.

ಮಾರಿದ ಹಿರಿಯರು ಮೊದಲ ಹಂತದಲ್ಲಿ ನಮ್ಮೊಂದಿಗೆ ಬಂದರು. ಬರುವಿರಾ ಎಂದು ಕೇಳಿದ್ದು ನಾನೇ. ಎಷ್ಟೋ ಸಂಗತಿಗಳು ಯಾವ ಕಾಗದದಲ್ಲೂ ಇರುವುದಿಲ್ಲ. ತಳದ ಕವಾಟಗಳಲ್ಲಿ ಒಂದು ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಲಂಗರಿನ ಸರಪಳಿಯನ್ನು ಎಡಬದಿಯಿಂದ ಬಿಟ್ಟರೆ ಸಿಕ್ಕಾಗುವುದಿಲ್ಲ. ಗಾಳಿ ಜೋರಾದಾಗ ದೊಡ್ಡ ಹಾಯಿಯನ್ನು ಇನ್ನೂ ಬೇಡ ಎನಿಸುವಾಗಲೇ ಮಡಚಿ ಕಿರಿದು ಮಾಡಬೇಕು, ಇಲ್ಲವಾದರೆ ಚುಕ್ಕಾಣಿ ತೋಳು ಕೀಳುವಷ್ಟು ಎಳೆಯುತ್ತದೆ. ನಾನು ಚುಕ್ಕಾಣಿ ಹಿಡಿದಿದ್ದಾಗ, "ಅಷ್ಟು ಬಿಗಿಯಾಗಿ ಹಿಡಿಯಬೇಡಿ, ಅದಕ್ಕೆ ದಾರಿ ಗೊತ್ತಿದೆ" ಎಂದರು. ಹಿಡಿತ ಸಡಿಲಿಸಿದೆ, ದೋಣಿ ಎರಡು ಅಲೆ ದಾಟುವಷ್ಟರಲ್ಲಿ ತಾನೇ ನೇರವಾಯಿತು. ಉದ್ದನೆಯ ಅಡಿತೊಲೆಯುಳ್ಳ ಹಳೆಯ ವಿನ್ಯಾಸಗಳ ದೊಡ್ಡ ಗುಣ ಇದು. ತಟ್ಟನೆ ತಿರುಗುವುದಿಲ್ಲ, ಹಿಂದಕ್ಕೆ ನಡೆಸುವುದಂತೂ ಕಷ್ಟ, ಆದರೆ ಹಿಡಿದ ದಾರಿಯನ್ನು ಬಿಡುವುದಿಲ್ಲ. ದಡಕ್ಕಿಳಿದಾಗ ಅವರು ಹಾಯಿಕಂಬವನ್ನು ಒಮ್ಮೆ ಮುಟ್ಟಿ, ಹಿಂದೆ ನೋಡದೆ ನಡೆದರು. ಏನೂ ಹೇಳಲು ನನಗೂ ತೋಚಲಿಲ್ಲ.

ಸರ್ವೇಯರ್ ಹೇಳಿದ್ದ ಓಡುವ ದೋಣಿ ಕಾಣಿಸಿಕೊಂಡದ್ದು ಆಮೇಲೆ. ಬಲಬದಿಯಿಂದ ಗಾಳಿ ಬೀಸುತ್ತಿದ್ದಷ್ಟು ಹೊತ್ತು, ಸೋರಿದ ನೀರು ಕೂಡುವ ತಳಗುಂಡಿ ಒಣಗಿತ್ತು. ಗಾಳಿ ತಿರುಗಿ ಎಡಬದಿಯಿಂದ ಬೀಸತೊಡಗಿ, ಅಲೆ ಎದ್ದ ರಾತ್ರಿ ನೀರು ಏರತೊಡಗಿತು. ಗಾಬರಿಯಾಗುವಷ್ಟಲ್ಲ, ಪ್ರತಿ ಕಾವಲಿನ ಕೊನೆಗೆ ಪಂಪು ಮಾಡಿದರೆ ಸಾಕಾಗುತ್ತಿತ್ತು. ಮೊದಲು ಮಾಡಿದ್ದು ಬೆರಳದ್ದಿ ನಾಲಗೆಗೆ ಮುಟ್ಟಿಸಿ ನೋಡಿದ್ದು. ಸಪ್ಪೆಯಾಗಿದ್ದರೆ ಕುಡಿಯುವ ನೀರಿನ ಟ್ಯಾಂಕು ಅಥವಾ ಡೆಕ್ಕಿನ ಮಳೆನೀರು. ಇದು ಉಪ್ಪು. ಹಾಗಾದರೆ ಎಲ್ಲಿಂದ?

ಎಡದಿಂದ ಗಾಳಿ ಬಂದಾಗ ದೋಣಿ ಬಲಕ್ಕೆ ವಾಲುತ್ತದೆ. ಬಲಬದಿಯ ಮೇಲಿನ ಹಲಗೆಗಳು, ಮಾಮೂಲಾಗಿ ನೀರಿನ ಮೇಲಿರುವವು, ಈಗ ಮುಳುಗಿವೆ. ಬಿಸಿಲಿಗೆ ಒಣಗಿದ ಅವುಗಳ ಸಂದಿನಿಂದ ಸೋರುತ್ತಿರಬಹುದು. ಇದು ಒಂದು ಸಾಧ್ಯತೆ. ಇನ್ನೊಂದು ಇದಕ್ಕಿಂತ ಗಂಭೀರ. ಹಾಯಿ ತುಂಬಿದಾಗ ಗಾಳಿಯ ಬದಿಯಲ್ಲಿ ಹಾಯಿಕಂಬವನ್ನು ಹಿಡಿದಿರುವ ಬಿಗಿತಂತಿಗಳು ದೋಣಿಯ ಅಂಚನ್ನು ಮೇಲಕ್ಕೆ ಎಳೆಯುತ್ತವೆ, ಹಾಯಿಕಂಬ ಅಡಿತೊಲೆಯನ್ನು ಕೆಳಕ್ಕೆ ಒತ್ತುತ್ತದೆ. ಇವೆರಡರ ನಡುವೆ ಸಿಕ್ಕಿ ನಲುಗುವುದು ಅಡಿತೊಲೆಗೆ ಸೇರಿದ ಮೊಟ್ಟಮೊದಲ ಹಲಗೆಯ ಸಂದು. ನೆಲದ ಹಲಗೆಗಳನ್ನೆತ್ತಿ, ಸ್ಪಂಜಿನಿಂದ ಒರೆಸಿ ಒಣಗಿಸಿ, ಟಾರ್ಚ್ ಬಿಟ್ಟು ಕಾದೆವು. ಹಾಯಿಕಂಬದ ಬುಡದ ಪಕ್ಕ, ಎಡಬದಿಯಲ್ಲಿ, ಪ್ರತಿ ಅಲೆಗೂ ನೀರಿನ ಒಂದು ಸಣ್ಣ ಗೆರೆ ಮೂಡುತ್ತಿತ್ತು. ದೊಡ್ಡ ಹಾಯಿಯನ್ನು ಮಡಚಿದೆವು. ಗೆರೆ ತೆಳುವಾಯಿತು, ಕೊಂಚ ಹೊತ್ತಿಗೆ ನಿಂತೇಹೋಯಿತು. ಕಂಬದ ಒತ್ತಡ ಇಳಿದೊಡನೆ ಸೋರಿಕೆಯೂ ಇಳಿದರೆ ಕಾರಣ ಬಲಬದಿಯ ಹಲಗೆಗಳಲ್ಲ, ಇಲ್ಲೇ ಇದೆ ಎಂದು ಖಚಿತವಾಯಿತು.

ದಡದ ಮೇಲೆ ಎಷ್ಟು ತಟ್ಟಿದರೂ ಇದು ತಿಳಿಯುತ್ತಿರಲಿಲ್ಲ. ಬಂದರಿನಲ್ಲಿ ಕಟ್ಟಿಹಾಕಿದ್ದರೂ ತಿಳಿಯುತ್ತಿರಲಿಲ್ಲ. ಲಾರಿಯಲ್ಲಿ ತಂದಿದ್ದರೆ, ಎಷ್ಟೋ ತಿಂಗಳ ಮೇಲೆ, ಇನ್ನೂ ಒರಟಾದ ಸಮುದ್ರದಲ್ಲಿ, ದೋಣಿಯ ಪರಿಚಯವೇ ಇಲ್ಲದ ನಾವು ಇದನ್ನು ಎದುರಿಸಬೇಕಾಗುತ್ತಿತ್ತು. ಆ ರಾತ್ರಿಯ ಮಿಕ್ಕ ಕಾವಲನ್ನು ನಾನು ಹಗುರವಾದ ಮನಸ್ಸಿನಿಂದ ಕಳೆದೆ. ಕಾಣದ ದೋಷ ಕಾಡುತ್ತದೆ. ಜಾಗ ಗೊತ್ತಾದ ದೋಷ ಕೆಲಸವಷ್ಟೇ. ಡೆಕ್ಕಿನ ಸೋರಿಕೆಗಳ ಲೆಕ್ಕವೂ ದಾರಿಯಲ್ಲೇ ಸಿಕ್ಕಿತು. ಅಲೆಯ ತುಂತುರು ಹೊಡೆದಾಗಲೆಲ್ಲ ಎಲ್ಲಿ ಹನಿ ಬೀಳುತ್ತದೆ ಎಂದು ದೋಣಿಯ ನಕ್ಷೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಬಂದೆವು. ಹನಿ ಬೀಳುವ ಜಾಗವೇ ಬಿರುಕಿನ ಜಾಗವಲ್ಲ, ನೀರು ತೊಲೆಯ ಉದ್ದಕ್ಕೂ ಹರಿದು ಎಲ್ಲೋ ತೊಟ್ಟಿಕ್ಕುತ್ತದೆ. ಆದರೂ ದೋಣಿ ಎಡಕ್ಕೆ ವಾಲಿದಾಗ ಒಂದು ಗುರುತು, ಬಲಕ್ಕೆ ವಾಲಿದಾಗ ಇನ್ನೊಂದು ಸಿಕ್ಕರೆ ಎರಡರ ನಡುವೆ ಮೂಲವನ್ನು ಹುಡುಕಬಹುದು.

ಊರಿನ ಬಂದರಿಗೆ ಬಂದ ಮೇಲೆ ದೋಣಿಯನ್ನು ಮೇಲೆತ್ತಿಸಿ ಹಾಯಿಕಂಬ ಕಳಚಿದೆವು. ವರದಿಯಲ್ಲಿ ಗಮನವಿರಲಿ ಎಂದಿದ್ದ ಕಬ್ಬಿಣದ ಪಟ್ಟಿಗಳಲ್ಲಿ ಒಂದು, ಕಂಬದ ಬುಡದ ಅಡಿಯಲ್ಲೇ ಇದ್ದದ್ದು, ಮೇಲೆ ಗಟ್ಟಿಯಾಗಿ ಕಂಡರೂ ಓಕ್‌ಗೆ ಅಂಟಿದ ಮುಖದಲ್ಲಿ ಪದರಪದರವಾಗಿ ಏಳುತ್ತಿತ್ತು. ಬೋಲ್ಟುಗಳ ಸುತ್ತ ಮರ ಕಪ್ಪಾಗಿತ್ತು. ನಿಂತಾಗ ಅದು ಹಿಡಿದುಕೊಂಡೇ ಇತ್ತು, ಭಾರ ಬಿದ್ದಾಗ ಜಾರುತ್ತಿತ್ತು. ಅದರ ಅಕ್ಕಪಕ್ಕದ ಪಟ್ಟಿಗಳನ್ನೂ ತೆಗೆಸಿ, ಅವೇ ಅಳತೆಗೆ ಹೊಸದನ್ನು ಮಾಡಿಸಿ, ದಪ್ಪಗೆ ಸತುವಿನ ಲೇಪನ ಕೊಡಿಸಿ, ಮರಕ್ಕೂ ಲೋಹಕ್ಕೂ ನಡುವೆ ಟಾರು ಹಚ್ಚಿದ ಬಟ್ಟೆ ಇಟ್ಟು ಕೂರಿಸಿದೆವು. ಬಡಗಿ ಆ ಸಂದಿನ ಹಳೆಯ ಹತ್ತಿಯನ್ನು ಕೊಕ್ಕೆಯಿಂದ ಎಳೆದು ತೆಗೆದು ಹೊಸ ಎಳೆಯನ್ನು ಬಡಿದರು. ಹತ್ತಿರ ನಿಂತು ನೋಡಿದೆ: ಜೋರಾಗಿ ಬಡಿದರೆ ಎಳೆ ಸಂದು ದಾಟಿ ಒಳಕ್ಕೆ ಹೋಗುತ್ತದೆ, ಹಗುರವಾಗಿ ಬಡಿದರೆ ಬಿಗಿಯುವುದಿಲ್ಲ. ಕೊಡತಿಯ ದನಿ ಏರಿದ ಕಡೆ ಕೈ ನಿಲ್ಲಿಸಿ ಅವರು ಮುಂದಕ್ಕೆ ಸರಿಯುತ್ತಿದ್ದರು.

ಮತ್ತೆ ನೀರಿಗಿಳಿಸಿ, ಎಡದ ಗಾಳಿಯಲ್ಲಿ ಪೂರ್ತಿ ಹಾಯಿ ಏರಿಸಿಕೊಂಡೇ ಪರೀಕ್ಷಿಸಿದ್ದಾಯಿತು. ಆ ಸಂದು ಒಣಗಿದೆ. ಸೀಳಿದ ಪಕ್ಕೆಲುಬುಗಳಿಗೆ ಜೊತೆ ಪಕ್ಕೆಲುಬು ಕೊಡುವ ಕೆಲಸ ಬಡಗಿಗೆ ಬಿಡುವಾದಾಗ ಆಗುತ್ತದೆ. ಅದಕ್ಕೂ ಮೊದಲು ಡೆಕ್ಕು. ಕ್ಯಾನ್‌ವಾಸ್ ಬಿಚ್ಚಲು ಹತ್ತಾರು ದಿನ ಮಳೆಯಿಲ್ಲದ ಹವೆ ಬೇಕು. ಪೆನ್ಸಿಲ್ ಗುರುತುಗಳ ನಕ್ಷೆಯನ್ನು ಬಡಗಿಯ ಕೈಗೆ ಕೊಟ್ಟಿದ್ದೇನೆ, ಹಿಂಬದಿಯ ಎಡ ಮೂಲೆಯಿಂದ ಶುರುಮಾಡೋಣ ಎಂದಿದ್ದಾರೆ.